ಅಣ್ಣನ ಬೈಕು, ಥಾಯ್ಲೆಂಡಿನ ಗುಡ್ಡದ ದಾರಿ

ಪ್ರಶ್ನೆ: ಡಿಸೆಂಬರಿನಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಹೋಗುತ್ತಿದ್ದೇನೆ. ದೊಡ್ಡಮ್ಮನ ಮಗ ಅಣ್ಣ ಅಲ್ಲೇ ಕೆಲಸದಲ್ಲಿದ್ದಾನೆ. ಒಂದು ದಿನ ಅವನ ಬೈಕು ತೆಗೆದುಕೊಂಡು ಒಬ್ಬನೇ ಸುತ್ತಿ ಬರುವ ಆಸೆ. ನನ್ನ ಕೇರಳದ ಲೈಸೆನ್ಸ್ ಸಾಕಾಗುತ್ತದಾ? ಯಾವ ದಾರಿ ಒಳ್ಳೆಯದು?
– ಓದುಗರು, ಪೆರ್ಲ

ಉತ್ತರ: ಖಂಡಿತ ಹೋಗಿ. ಆದರೆ ಊರು ಬಿಡುವ ಮೊದಲೇ ಒಂದು ಕೆಲಸ ಮುಗಿಸಿ. ಬರೀ ನಮ್ಮ ಲೈಸೆನ್ಸ್ ಸಾಲದು, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಕಾಸರಗೋಡು ಆರ್‌ಟಿಒದಲ್ಲೇ ಆಗುತ್ತದೆ. ಫಾರ್ಮ್ 4ಎ, ಪಾಸ್‌ಪೋರ್ಟ್, 1000 ರೂಪಾಯಿ ಶುಲ್ಕ. ಒಂದು ವರ್ಷ ನಡೆಯುತ್ತದೆ. ಪರ್ಮಿಟ್ ಕೈಗೆ ಬಂದ ಕೂಡಲೇ ಕೌಂಟರಿನ ಎದುರೇ ನಿಂತು ತೆರೆದು ನೋಡಿ, ‘ಎ’ ಅನ್ನುವ ಜಾಗದಲ್ಲಿ ಸೀಲು ಬಿದ್ದಿದೆಯಾ ಅಂತ. ‘ಎ’ ಅಂದರೆ ಬೈಕು, ‘ಬಿ’ ಅಂದರೆ ಕಾರು. ಬರೀ ‘ಬಿ’ಗೆ ಸೀಲು ಬಿದ್ದಿದ್ದರೆ ಬೈಕಿನ ಮಟ್ಟಿಗೆ ನಿಮ್ಮ ಹತ್ತಿರ ಲೈಸೆನ್ಸೇ ಇಲ್ಲ ಅಂತಲೇ ಲೆಕ್ಕ. ಪೊಲೀಸರ ದಂಡ ದೊಡ್ಡ ವಿಷಯವಲ್ಲ. ಬಿದ್ದು ಕಾಲು ಮುರಿದರೆ ನಿಮ್ಮ ಟ್ರಾವೆಲ್ ಇನ್ಶೂರೆನ್ಸ್ ಕಂಪೆನಿ ಮೊದಲು ಕೇಳುವುದೇ ಆ ಸೀಲನ್ನು. ಪಾಲಿಸಿಯಲ್ಲಿ ಬೈಕು ಸವಾರಿ ಸೇರಿದೆಯಾ, ಎಷ್ಟು ಸಿಸಿವರೆಗೆ ಅಂತಲೂ ಓದಿಕೊಳ್ಳಿ.

ಅಣ್ಣನ ಹತ್ತಿರ ಗಾಡಿಯ ರಿಜಿಸ್ಟ್ರೇಶನ್ ಪುಸ್ತಕದ ಪ್ರತಿ ಕೇಳಿ ಇಟ್ಟುಕೊಳ್ಳಿ. ಅಲ್ಲಿ ಪ್ರತಿ ಗಾಡಿಗೂ ಇರುವ ಕಡ್ಡಾಯ ಇನ್ಶೂರೆನ್ಸ್ ಮನುಷ್ಯರ ಗಾಯಕ್ಕೆ ಮಾತ್ರ, ಗಾಡಿ ಹಾಳಾದರೆ ಏನೂ ಸಿಗುವುದಿಲ್ಲ. ಹಾಗಾಗಿ ಗೀರು ಬಿದ್ದರೂ ಖರ್ಚು ನನ್ನದು ಅಂತ ಮೊದಲೇ ಹೇಳಿಬಿಡಿ, ಸಂಬಂಧ ಕೆಡುವುದಿಲ್ಲ.

ದಾರಿ ಅಂದರೆ ನನಗೆ ಸಮೋಂಗ್ ಸುತ್ತು. ಊರಿಂದ ಉತ್ತರಕ್ಕೆ ಮೇ ರಿಮ್, ಅಲ್ಲಿ ಎಡಕ್ಕೆ ತಿರುಗಿ 1096ನೇ ರಸ್ತೆ, ಸಮೋಂಗ್ ದಾಟಿ 1269ರಲ್ಲಿ ಹಾಂಗ್ ಡಾಂಗ್ ಕಡೆಗೆ ಇಳಿದರೆ ಮತ್ತೆ ಚಿಯಾಂಗ್ ಮಾಯ್. ಹೆಚ್ಚುಕಡಿಮೆ 100 ಕಿಲೋಮೀಟರ್. ನಮ್ಮ ಹಾಗೇ ಎಡಬದಿಯ ಸಂಚಾರ, ಆ ಚಿಂತೆ ಇಲ್ಲ. ತಿರುವುಗಳು ಸಂಪಾಜೆಯಿಂದ ಮಡಿಕೇರಿ ಹತ್ತಿದವರಿಗೆ ಹೊಸದಲ್ಲ. ಪೆಟ್ರೋಲ್ ಮೇ ರಿಮ್‌ನಲ್ಲೇ ತುಂಬಿಸಿ.

ನಾನು ಹೋದದ್ದು ಗೆಳೆಯನ ಹೋಂಡಾ ವೇವ್‌ನಲ್ಲಿ. ಕೈಯಲ್ಲಿ ಕ್ಲಚ್ ಇಲ್ಲ, ಗೇರು ಮಾತ್ರ ಕಾಲಿನದ್ದು. ಮೇಲಿನ ಗೇರಿಗೆ ಮುಂಗಾಲಲ್ಲಿ ಒತ್ತಬೇಕು, ಹಿಮ್ಮಡಿಯಲ್ಲಿ ಒತ್ತಿದರೆ ಇಳಿಯುತ್ತದೆ. ಪಲ್ಸರ್ ಓಡಿಸಿ ಅಭ್ಯಾಸವಾದ ನನ್ನ ಕಾಲು ಏರಿನ ಒಂದು ತಿರುವಿನಲ್ಲಿ ಮೇಲಿನ ಗೇರಿಗೆ ಅಂತ ಸುಮ್ನೆ ಹಳೆಯ ಹಾಗೆ ಲಿವರನ್ನು ಎತ್ತಿಬಿಟ್ಟಿತು. ಮೂರರಿಂದ ಎರಡಕ್ಕೆ ಬಿತ್ತು. ಎಂಜಿನ್ ಕಿರುಚಿತು, ಹಿಂದಿನ ಚಕ್ರ ಒಣಗಿದ ಎಲೆಗಳ ಮೇಲೆ ಅಡ್ಡಕ್ಕೆ ಒಂದು ಗೇಣು ಜಾರಿತು. ಬೀಳಲಿಲ್ಲ. ಬದಿಗೆ ನಿಲ್ಲಿಸಿದೆ, ಕೈ ನಡುಗುವುದು ನಿಲ್ಲಲು ಜಾಸ್ತಿ ಹೊತ್ತೇ ಬೇಕಾಯಿತು. ಅದಕ್ಕೇ ಹೇಳುತ್ತೇನೆ, ಹಿಂದಿನ ಸಂಜೆ ಅಣ್ಣನ ಗಲ್ಲಿಯಲ್ಲೇ ಅರ್ಧ ಗಂಟೆ ಓಡಿಸಿ ನೋಡಿ.

ಡಿಸೆಂಬರ್ ಒಳ್ಳೆಯ ಕಾಲ. ಗುಡ್ಡದ ಮೇಲೆ ಬೆಳಗ್ಗೆ ಚಳಿ, ಜಾಕೆಟ್ ಇರಲಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲ-ಕಾಡು ಸುಡುವ ಹೊಗೆ, ಆಗ ಬೇಡ. ಒಬ್ಬರೇ ಹೋಗುತ್ತೀರಿ ಅಲ್ವಾ, ಎರಡು ನಂಬರು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ: ಆಂಬ್ಯುಲೆನ್ಸ್ 1669, ಟೂರಿಸ್ಟ್ ಪೊಲೀಸ್ 1155. ಕತ್ತಲಾಗುವ ಮೊದಲು ಗುಡ್ಡ ಇಳಿದಿರಬೇಕು. ಹೆಲ್ಮೆಟ್ ಬಗ್ಗೆ ನಾನು ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಪ್ರಶ್ನೆ: ಅದೇ ಪರ್ಮಿಟ್ ವಿಯೆಟ್ನಾಮಿನಲ್ಲೂ ನಡೆಯುತ್ತದಾ?
– ಓದುಗರು, ಮಂಜೇಶ್ವರ

ಉತ್ತರ: ಇಲ್ಲ. ನಮ್ಮದು ರಸ್ತೆ ಸಂಚಾರದ ಬಗ್ಗೆ ದೇಶಗಳು ಮಾಡಿಕೊಂಡ 1949ರ ಜಿನೀವಾ ಒಪ್ಪಂದದ ಪರ್ಮಿಟ್, ಅವರು ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಬಾಡಿಗೆ ಅಂಗಡಿಯವರು ಏನೂ ಕೇಳದೆ ಕೀಲಿ ಕೊಡುತ್ತಾರೆ, ಅದನ್ನು ನಂಬಬೇಡಿ. ಅಲ್ಲಿ ಓಡಿಸುವವರ ಹಿಂದೆ ಕೂತು ಹೋಗಿ.