ಪಾದ ನೆಕ್ಕುವ ನಾಯಿ

ಪ್ರಶ್ನೆ: ನಮ್ಮ ನಾಯಿ ಒಂದು ವಾರದಿಂದ ಬಲ ಮುಂಗಾಲಿನ ಪಾದವನ್ನು ಬಿಡದೆ ನೆಕ್ಕುತ್ತಿದ್ದು, ಬೆರಳ ಸಂದಿ ಕೆಂಪಾಗಿದೆ. ಮಧ್ಯಾಹ್ನ ಅಂಗಳದ ಫರಸಿಯ (ಕಲ್ಲುಹಾಸಿನ) ಮೇಲೆ ಓಡಾಡುವುದು ಅದರ ರೂಢಿ. ಬಿಸಿಲಿಗೆ ಸುಟ್ಟಿರಬಹುದೇ? ಅರಿಸಿನ ಹಚ್ಚಬಹುದೇ?
– ಓದುಗರು, ಕಲಬುರಗಿ

ಉತ್ತರ: 40 ಡಿಗ್ರಿ ದಾಟುವ ನಿಮ್ಮೂರಿನ ಬೇಸಿಗೆಯಲ್ಲಿ ಶಹಾಬಾದ್ ಕಲ್ಲಿನ ನೆಲ ಗಾಳಿಗಿಂತ ಬಹಳ ಹೆಚ್ಚು ಕಾಯುವುದರಿಂದ ನಿಮ್ಮ ಅನುಮಾನ ಸಹಜವೇ, ಆದರೆ ಸುಟ್ಟ ಗಾಯ ಸಾಮಾನ್ಯವಾಗಿ ಪಾದದ ಮೆತ್ತೆಯ ಮೇಲೆ ಗುಳ್ಳೆಯಾಗಿಯೋ ಸುಲಿದ ಚರ್ಮವಾಗಿಯೋ ಕಾಣುತ್ತದೆ. ಒಂದೇ ಪಾದದ ಬೆರಳ ಸಂದಿ ಕೆಂಪಾಗಿದ್ದರೆ ಜಾಲಿಮುಳ್ಳು, ಹುಲ್ಲಿನ ಮೊನೆ ಅಥವಾ ಉಣ್ಣಿ ಸೇರಿಕೊಂಡಿದೆಯೇ ಎಂದು ಮೊದಲು ನೋಡಬೇಕು. ಹಲವು ಪಾದಗಳಿಗೆ ಹೀಗಾಗಿ, ಕೂದಲು ಕಂದಾಗಿ ಹುಳಿವಾಸನೆ ಬರುತ್ತಿದ್ದರೆ ಅದು ಹೆಚ್ಚಾಗಿ ಅಲರ್ಜಿ ಅಥವಾ ಶಿಲೀಂಧ್ರದ ತೊಂದರೆ.

ಹಗಲು ಬೆಳಕಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಉಗುರುಬೆಚ್ಚಗಿನ ನೀರಿನಲ್ಲಿ ಪಾದ ತೊಳೆದು, ಸಂದಿಯಲ್ಲಿ ತೇವ ಉಳಿಯದಂತೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿರಿ. ಅರಿಸಿನ ಬೇಡ: ನಾಯಿ ಅದನ್ನು ನೆಕ್ಕಿಬಿಡುತ್ತದೆ, ಉಳಿದ ಹಳದಿ ಬಣ್ಣ ವೈದ್ಯರಿಗೆ ಗಾಯ ಕಾಣದಂತೆ ಮಾಡುತ್ತದೆ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆಗಳನ್ನಂತೂ ಕೊಡಲೇಬೇಡಿ; ಅವು ನಾಯಿಗೆ ವಿಷವಾಗಬಲ್ಲವು.

ನೆಕ್ಕುವುದು ವಾರದಿಂದ ನಿಂತಿಲ್ಲವಾದ್ದರಿಂದ ಮುಳ್ಳು ಕಾಣದಿದ್ದರೂ ಪಶುವೈದ್ಯರಿಗೆ ತೋರಿಸುವುದು ಒಳಿತು. ಬಾವು, ಕೀವು ಅಥವಾ ಕುಂಟುವಿಕೆ ಇದ್ದರೆ ಅದೇ ದಿನ ಕರೆದೊಯ್ಯಿರಿ. ಅಲ್ಲಿಯವರೆಗೆ ಪಾದ ನೆಕ್ಕದಂತೆ ಕುತ್ತಿಗೆಗೆ ಕೋನ್ ಕಾಲರ್ (ಶಂಕುವಿನಾಕಾರದ ಕೊರಳಪಟ್ಟಿ) ಹಾಕಿರಿ. ನಿಮ್ಮ ಕೈಯ ಹಿಂಬದಿಯನ್ನು 7 ಸೆಕೆಂಡು ಫರಸಿಯ ಮೇಲಿಟ್ಟು ತಾಳಲಾಗದಿದ್ದರೆ, ಆ ಹೊತ್ತಿನಲ್ಲಿ ನಾಯಿಯನ್ನು ಅಂಗಳಕ್ಕೆ ಬಿಡಬೇಡಿ.