ಬುಷ್ ಮೊದಲು, ಅಲೈನ್‌ಮೆಂಟ್ ಆಮೇಲೆ

ಓದುಗರ ಪ್ರಶ್ನೆ: ಹಳೆ ಕಾರುಗಳ ಆರೈಕೆ

ಪ್ರಶ್ನೆ: ನಮ್ಮದು 2008ರ ಮಾರುತಿ ಆಲ್ಟೊ. ವರ್ಷದಲ್ಲಿ ಮೂರು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದೆವು. ಹದಿನೈದು ದಿನ ಸರಿಯಿರುತ್ತದೆ, ಮತ್ತೆ ಎಡಕ್ಕೆ ಎಳೆಯುತ್ತದೆ. ಬ್ರೇಕ್ ಒತ್ತಿದಾಗ ಅಡಿಯಲ್ಲಿ ‘ಟಕ್’ ಅನ್ನುತ್ತದೆ. ಮೆಷಿನ್ನಿನವರು ಸರಿಯಾಗಿ ಮಾಡುತ್ತಿಲ್ಲವೇ? (ತೀರ್ಥಹಳ್ಳಿ)

ಉತ್ತರ: ಮೊದಲು ಅನುಮಾನ ಪಡಬೇಕಾದದ್ದು ಮೆಷಿನ್ ಅಲ್ಲ, ಬುಷ್ (ಕಬ್ಬಿಣದ ಭಾಗಗಳು ಕೂಡುವಲ್ಲಿ ಕೂರಿಸುವ ರಬ್ಬರ್ ತುಂಡು). ಅಲೈನ್‌ಮೆಂಟ್ (ಚಕ್ರಗಳ ಕೋನದ ಅಳತೆ) ನೋಡುವುದು ನಿಂತ ಗಾಡಿಯಲ್ಲಿ. ಬುಷ್ ಸಡಿಲಾಗಿದ್ದರೆ ಓಡುವಾಗ ಚಕ್ರ ಆ ಅಳತೆಯಲ್ಲಿ ನಿಲ್ಲುವುದೇ ಇಲ್ಲ. ಆಲ್ಟೊ, 800 ಗಾಡಿಗಳಲ್ಲಿ ಮುಂದಿನ ಲೋವರ್ ಆರ್ಮ್ (ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ತೋಳು) ಹಿಂದೆ ಮುಂದೆ ಸರಿಯದಂತೆ ಹಿಡಿದಿಡುವುದು ಸ್ಟೆಬಿಲೈಸರ್ ಬಾರ್ (ಎಡ ಬಲ ಆರ್ಮ್‌ಗಳನ್ನು ಕೂಡಿಸುವ ಅಡ್ಡ ಸರಳು). ಬಾರ್ ತುದಿಯ ಬುಷ್ ತಿಂದುಹೋದರೆ ಬ್ರೇಕ್ ಹಾಕಿದೊಡನೆ ಚಕ್ರ ಹಿಂದಕ್ಕೆ ಸರಿಯುತ್ತದೆ. ನಿಮಗೆ ಕೇಳುವ ಶಬ್ದ ಹೆಚ್ಚಾಗಿ ಅದರದ್ದೇ.

ಪರೀಕ್ಷೆ ಹೀಗೆ: ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ, ಬರೀ ಜ್ಯಾಕ್ ನಂಬಿ ಅಡಿಗೆ ಹೋಗಬೇಡಿ. ಆರ್ಮ್ ಮತ್ತು ಚಾಸಿಯ ನಡುವೆ ರಾಡ್ ತೂರಿಸಿ ಮೆಲ್ಲಗೆ ಮೀಟಿ. ರಬ್ಬರ್ ಸ್ವಲ್ಪ ಒತ್ತಿಕೊಂಡು ವಾಪಸ್ ಬಂದರೆ ಸರಿ. ಕಬ್ಬಿಣ ಕಬ್ಬಿಣಕ್ಕೆ ತಾಗಿದರೆ, ಅಥವಾ ರಬ್ಬರ್ ತನ್ನೊಳಗಿನ ಸ್ಲೀವಿನಿಂದ (ಬೋಲ್ಟ್ ತೂರುವ ಕಬ್ಬಿಣದ ಕೊಳವೆ) ಬಿಟ್ಟುಕೊಂಡಿದ್ದರೆ ಬದಲಿಸಬೇಕು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಬಾಲ್ ಜಾಯಿಂಟ್ (ಆರ್ಮ್ ಚಕ್ರದ ಕಡೆ ಕೂಡುವ ಗುಂಡು ಕೀಲು) ಅಥವಾ ಬೇರಿಂಗ್ ಸವೆದಿದೆ. ಎಡ ಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್ ಎಂಡ್ (ಸ್ಟಿಯರಿಂಗಿನ ಸರಳು ಚಕ್ರದ ಕಡೆ ಕೂಡುವ ಕೀಲು). ಇವೆಲ್ಲ ಸರಿಯಾದ ಮೇಲೆ, ಟೈರಿನ ಗಾಳಿಯನ್ನೂ ಸರಿಮಾಡಿ, ಕೊನೆಗೆ ಅಲೈನ್‌ಮೆಂಟಿಗೆ ಹೋಗಿ.

ಪ್ರಶ್ನೆ: ಹೋದ ಮಳೆಗಾಲಕ್ಕೆ ಮುಂಚೆ ಆರ್ಮ್ ಬುಷ್ ಹೊಸದು ಹಾಕಿಸಿದ್ದೆ. ಆರೇ ತಿಂಗಳಿಗೆ ಹರಿದಿದೆ. ಕಳಪೆ ಮಾಲೇ? (ಹೊಸನಗರ)

ಉತ್ತರ: ಮಾಲು ಕಳಪೆಯೂ ಇರಬಹುದು. ಆದರೆ ಇಷ್ಟು ಬೇಗ ಹರಿಯಲು ಹೆಚ್ಚಿನ ಸಲ ಕಾರಣ ಬೇರೆ: ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿ ಮಾಡಿರುತ್ತಾರೆ. ಈ ಬುಷ್ ಬೇರಿಂಗಿನಂತೆ ತಿರುಗುವುದಿಲ್ಲ. ಬೋಲ್ಟ್ ಬಿಗಿಯಾದೊಡನೆ ಒಳಗಿನ ಸ್ಲೀವ್ ಕಚ್ಚಿಕೊಳ್ಳುತ್ತದೆ, ಆಮೇಲೆ ಆರ್ಮ್ ಏರಿಳಿದಷ್ಟೂ ರಬ್ಬರ್ ತಿರುಚುತ್ತದೆ. ನೇತಾಡುವ ಸ್ಥಿತಿಯಲ್ಲಿ ಬಿಗಿದರೆ ಗಾಡಿ ನೆಲಕ್ಕಿಳಿದಾಗಲೇ ಅರ್ಧ ತಿರುಚಿ ನಿಂತಿರುತ್ತದೆ. ಅದರ ಮೇಲೆ ನಮ್ಮ ಹೊಂಡದ ರಸ್ತೆ, ಆಗುಂಬೆ ಘಾಟಿಯ 14 ತಿರುವು. ಹರಿಯದೆ ಇನ್ನೇನಾದೀತು?

ಆದ್ದರಿಂದ ಬೋಲ್ಟನ್ನು ಮೊದಲು ಕೈಬಿಗಿ ಮಾತ್ರ ಮಾಡಿ. ಚಕ್ರ ಹಾಕಿ, ಗಾಡಿ ಇಳಿಸಿ, ಬಾನೆಟ್ ಒತ್ತಿ ನಾಲ್ಕೈದು ಸಲ ಕುಲುಕಿ. ಗಾಡಿಯ ಭಾರ ಚಕ್ರದ ಮೇಲೆಯೇ ಇರುವಾಗ, ಪಿಟ್ಟಿನಲ್ಲಿ ಇಳಿದು ಬಿಗಿ ಅಳೆದು ತಿರುಗಿಸುವ ಟಾರ್ಕ್ ರೆಂಚಿನಿಂದ ಕೊನೆಯ ಬಿಗಿ ಕೊಡಬೇಕು. ಮೆಕ್ಯಾನಿಕ್ ಬಳಿ ಇದೊಂದನ್ನು ಕೇಳಿಯೇ ಮಾಡಿಸಿ.

ಬಿಚ್ಚುವಾಗಲೂ ಎಚ್ಚರ ಬೇಕು. ಮಲೆನಾಡಿನ ಮಳೆಯಲ್ಲಿ ಕೆಸರು ನೀರು ಒಳಗಿಳಿದು ಬೋಲ್ಟು, ಸ್ಲೀವು ಎರಡೂ ತುಕ್ಕು ಹಿಡಿದು ಒಂದೇ ಆಗಿಬಿಡುತ್ತವೆ. ಹಿಂದಿನ ದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಸ್ಟೆಬಿಲೈಸರ್ ಬಾರ್ ಬಿಚ್ಚುವಾಗ ಎರಡೂ ಚಕ್ರ ಎತ್ತಿರಲಿ. ಒಂದೇ ಎತ್ತಿದರೆ ಬಾರ್ ತಿರುಚಿಕೊಂಡಿದ್ದು, ನಟ್ ಬಿಟ್ಟಾಗ ಚಿಮ್ಮುತ್ತದೆ. ಹಳೇ ಬುಷ್ ತೆಗೆಯಲು ರಬ್ಬರ್ ಸುಡುವುದು, ಸುತ್ತಿಗೆಯಲ್ಲಿ ಬಡಿಯುವುದು ಬೇಡ, ಆರ್ಮ್ ಸೊಟ್ಟಗಾಗುತ್ತದೆ. ಹೈಡ್ರಾಲಿಕ್ ಪ್ರೆಸ್ ಇರುವ ಕಡೆ ಕೊಡಿ. ಹಳೇದು ಎಷ್ಟು ಒಳಗೆ ಕೂತಿತ್ತು, ಯಾವ ಮುಖ ಯಾವ ಕಡೆಗಿತ್ತು ಎಂಬುದನ್ನು ಗುರುತು ಹಾಕಿಕೊಳ್ಳಿ. ಹೊಸದು ಕೂರಿಸಲು ಸೋಪಿನ ನೀರು ಸಾಕು. ಎಂಜಿನ್ ಆಯಿಲ್, ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಒಂದೇ ಕಡೆ ಹೋಗಿದ್ದರೂ ಎರಡೂ ಕಡೆ ಬದಲಿಸಿ.

ಪ್ರಶ್ನೆ: ಟೈ ರಾಡ್ ಎಂಡ್ ಮನೆಯಲ್ಲೇ ಹಾಕಿದೆ. ಅಲೈನ್‌ಮೆಂಟಿಗೆ ಶಿವಮೊಗ್ಗಕ್ಕೇ ಹೋಗಬೇಕು. ಅಲ್ಲಿಯವರೆಗೆ ಟೈರ್ ಉಳಿಸಿಕೊಳ್ಳುವುದು ಹೇಗೆ? (ಸಾಗರದ ಹತ್ತಿರದ ಹಳ್ಳಿ)

ಉತ್ತರ: ಟೇಪಿನಲ್ಲಿ ಅಂದಾಜು ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಹೊಂದಿಸಬಹುದು. ಅಡಿಕೆ ಒಣಗಿಸುವ ಅಂಗಳಕ್ಕೆ ನೀರಿಳಿಯಲು ವಾಟ ಕೊಟ್ಟಿರುತ್ತಾರೆ, ಮಟ್ಟವಾದ ಜಾಗ ಹುಡುಕಿ. ಸ್ಟಿಯರಿಂಗ್ ನೇರ ಮಾಡಿ. ಮುಂದಿನ ಎರಡು ಟೈರಿನ ಮುಂಭಾಗದಲ್ಲಿ, ನೆಲಕ್ಕೆ ತಾಗುವ ಪಟ್ಟಿಯ ನಡುಮಧ್ಯೆ, ಒಂದೇ ಎತ್ತರಕ್ಕೆ ಚಾಕ್ ಗುರುತು ಹಾಕಿ ನಡುವಿನ ಅಂತರ ಅಳೆಯಿರಿ. ಗಾಡಿಯನ್ನು ಮುಂದಕ್ಕೆ ಅರ್ಧ ಸುತ್ತು ತಳ್ಳಿ. ಅದೇ ಗುರುತು ಅದೇ ಎತ್ತರಕ್ಕೆ ಹಿಂಭಾಗಕ್ಕೆ ಬಂದಾಗ ಮತ್ತೆ ಅಳೆಯಿರಿ. ಹಿಂದಕ್ಕೆ ತಳ್ಳಿ ಅಳೆದರೆ ಲೆಕ್ಕ ತಪ್ಪುತ್ತದೆ. ಮುಂದಿನ ಅಳತೆ ಕಡಿಮೆಯಿದ್ದರೆ ಟೋ ಇನ್, ಜಾಸ್ತಿಯಿದ್ದರೆ ಟೋ ಔಟ್. ಎರಡೂ ಬಹುತೇಕ ಸಮ ಬರುವಂತೆ ಮಾಡಿದರೆ ಶಿವಮೊಗ್ಗದ ತನಕ ಚಿಂತೆಯಿಲ್ಲ. ಲಾಕ್ ನಟ್ ಸಡಿಲಿಸಿ ಎರಡೂ ಟೈ ರಾಡನ್ನು ಸಮನಾಗಿ, ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ ಮತ್ತೆ ಅಳೆಯಿರಿ. ಒಂದೇ ಕಡೆ ತಿರುಗಿಸಿದರೆ ಸ್ಟಿಯರಿಂಗ್ ಓರೆಯಾಗಿ ಕೂರುತ್ತದೆ. ರಬ್ಬರ್ ಬೂಟ್ ಮುರಿಗೆ ಬೀಳದಂತೆ ನೋಡಿ, ಲಾಕ್ ನಟ್ ಬಿಗಿಯಲು ಮರೆಯಬೇಡಿ.

ಟೈರನ್ನು ಅಂಗೈಯಿಂದ ಅಡ್ಡಡ್ಡ ಸವರಿದರೂ ತಿಳಿಯುತ್ತದೆ. ಒಳಗಿಂದ ಹೊರಕ್ಕೆ ಸವರುವಾಗ ಗರಗಸದಂತೆ ಚುಚ್ಚಿದರೆ ಟೋ ಇನ್ ಹೆಚ್ಚು. ಹೊರಗಿಂದ ಒಳಕ್ಕೆ ಚುಚ್ಚಿದರೆ ಟೋ ಔಟ್.

ಪ್ರಶ್ನೆ: ಅಲೈನ್‌ಮೆಂಟ್ ಮೆಷಿನ್ ಕ್ಯಾಂಬರನ್ನು (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಅಳತೆ) ಕೆಂಪು, ಅಂದರೆ ತಪ್ಪು, ತೋರಿಸುತ್ತಿದೆ, ಆದರೆ ಹೊಂದಿಸಲು ಬರುವುದಿಲ್ಲ ಎನ್ನುತ್ತಾರೆ. ನಿಜವೇ? (ಶಿವಮೊಗ್ಗ)

ಉತ್ತರ: ನಿಜ. ಆಲ್ಟೊ, 800ರಲ್ಲಿ ಕಂಪನಿ ಕೊಟ್ಟ ಹೊಂದಾಣಿಕೆ ಮುಂದಿನ ಟೋ ಒಂದೇ. ಕ್ಯಾಂಬರ್ ಒಂದು ಕಡೆ ಮಾತ್ರ ತಪ್ಪಿದ್ದರೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಅಥವಾ ಆರ್ಮ್ ಬಗ್ಗಿದೆಯೇ, ಸ್ಟ್ರಟ್ ಮೇಲಿನ ಮೌಂಟ್ ಕುಸಿದಿದೆಯೇ ನೋಡಿಸಿ. ಸ್ಟ್ರಟ್ಟನ್ನು ಜಗ್ಗಿ ಬಗ್ಗಿಸಿ ‘ಹಸಿರು’ ಬರಿಸಿಕೊಡುತ್ತೇವೆ ಎಂದರೆ ಖಂಡಿತ ಒಪ್ಪಬೇಡಿ. ಕೆಲಸ ಮುಗಿದ ಮೇಲೆ ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್ ಎರಡನ್ನೂ ಕೇಳಿ ಪಡೆಯಿರಿ.