ಗ್ಲೇಸಿಯರ್ ಬೇಗೆ ಕ್ರೂಸ್‌ನಲ್ಲಿ ಹೋದರೆ ಹಡಗಿನಿಂದ ಇಳಿದು ಹಿಮನದಿ ನೋಡಬಹುದೇ?

ಇಲ್ಲ. ಅಲಾಸ್ಕದ ಈ ರಾಷ್ಟ್ರೀಯ ಉದ್ಯಾನದಲ್ಲಿ ದೊಡ್ಡ ಕ್ರೂಸ್ ಹಡಗುಗಳು ಪ್ರಯಾಣಿಕರನ್ನು ಎಲ್ಲೂ ಇಳಿಸುವುದಿಲ್ಲ. ಒಳಗೆ ಬಂದು, ಮಾರ್ಜರಿ ಹಿಮನದಿಯ ಎದುರು ಒಂದಷ್ಟು ಹೊತ್ತು ನಿಂತು, ಅದೇ ದಿನ ಹಿಂದಿರುಗುತ್ತವೆ. ರೇಂಜರ್‌ಗಳೇ ಹಡಗು ಹತ್ತಿ ಬಂದು ವಿವರಿಸುತ್ತಾರೆ.

ಅಷ್ಟು ದೊಡ್ಡ ಹಡಗು ಬೆಟ್ಟಗಳ ನಡುವೆ ಸುಮಾರು 100 ಕಿ.ಮೀ. ಒಳಗೆ ಹೋಗುವುದಾದರೂ ಹೇಗೆ? ದಾರಿ ಕೊರೆದದ್ದು ಹಿಮನದಿಯೇ. ಅದು ಕಣಿವೆಯನ್ನು ಸಮುದ್ರಮಟ್ಟಕ್ಕಿಂತ ಬಹಳ ಕೆಳಗಿನವರೆಗೆ ಉಜ್ಜಿ ತೆಗೆದಿತ್ತು. ಹಿಮ ಹಿಂದೆ ಸರಿದಂತೆ ಆ ಆಳವನ್ನು ಸಮುದ್ರ ತುಂಬಿತು. ಇಂಥ ಕೊಲ್ಲಿಯೇ ಫ್ಯೋರ್ಡ್. 1794ರಲ್ಲಿ ಬ್ರಿಟಿಷ್ ಅನ್ವೇಷಕ ಜಾರ್ಜ್ ವ್ಯಾಂಕೂವರ್‌ನ ನಾವಿಕರು ಬಂದಾಗ ಕೊಲ್ಲಿಯ ಬಾಯಿಯ ಹತ್ತಿರವೇ ಹಿಮದ ಗೋಡೆ ಅಡ್ಡ ನಿಂತಿತ್ತು. ಅಂದರೆ ನೀವು ಸಾಗುವ ನೀರೆಲ್ಲ ಆಗ ಹಿಮವೇ! ಹಿಮ ಮೊದಲು ಸರಿದದ್ದು ಬಾಯಿಯಿಂದ; ಅದಕ್ಕೇ ಅಲ್ಲಿ ದಟ್ಟ ಕಾಡಿದೆ, ಒಳಹೋದಂತೆ ಬರೀ ಬಂಡೆ.

ತಿಮಿಂಗಿಲ, ಸೀಲ್‌ಗಳಿಗೆ ತೊಂದರೆಯಾಗದಿರಲೆಂದು ದಿನಕ್ಕೆ ಹೆಚ್ಚೆಂದರೆ ಎರಡು ಕ್ರೂಸ್ ಹಡಗುಗಳಿಗಷ್ಟೇ ಪ್ರವೇಶ. ಹಾಗಾಗಿ ಬುಕ್ ಮಾಡುವ ಮುನ್ನ ನಿಮ್ಮ ಹಡಗಿನ ಮಾರ್ಗದಲ್ಲಿ ಗ್ಲೇಸಿಯರ್ ಬೇ ಇದೆಯೇ ಎಂದು ನೋಡಿಕೊಳ್ಳಿ.

ನೆಲಕ್ಕೆ ಕಾಲಿಡಲೇಬೇಕೆಂದರೆ ಅಲಾಸ್ಕದ ರಾಜಧಾನಿ ಜೂನೋದಿಂದ ವಿಮಾನ ಅಥವಾ ಫೆರಿಯಲ್ಲಿ ಉದ್ಯಾನದ ಪಕ್ಕದ ಪುಟ್ಟ ಊರಾದ ಗುಸ್ಟೇವಸ್‌ಗೆ ಹೋಗಿ. ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ. ಅಲ್ಲಿಂದ 16 ಕಿ.ಮೀ. ದೂರದ ಬಾರ್ಟ್ಲೆಟ್ ಕೋವ್‌ನಲ್ಲಿ ವಸತಿಯಿದೆ, ಬೇಸಿಗೆಯಲ್ಲಿ ದಿನದ ದೋಣಿಯೂ ಇದೆ. ಕಯಾಕ್ (ಹುಟ್ಟು ಹಾಕುವ ಕಿರುದೋಣಿ) ತಂದವರನ್ನು ಅದು ನಿರ್ಜನ ದಡಗಳಲ್ಲಿ ಇಳಿಸುತ್ತದೆ. ಈ ನೆಲದ ಮೂಲನಿವಾಸಿಗಳಾದ ಹೂನಾ ಟ್ಲಿಂಗಿಟ್ ಜನರ, 2016ರಲ್ಲಿ ತೆರೆದ ಕುಲಮನೆಯೂ ಅಲ್ಲೇ ಇದೆ. ಸಮಯವಿದ್ದರೆ ನಾನು ಹೇಳುವುದು ಈ ದಾರಿಯನ್ನೇ.